ಫೋನಲ್ಲಿ ಸಿಕ್ಕ ಕೆಂಪು ಕಣ್ಣು, ಅಳತೆ ಬರೀದ ಎಕೋ: ಒಂದು ಕವಾಸಾಕಿ ಕೇಸು

ಕವಾಸಾಕಿ ಅಂದ್ರೆ ಸಣ್ಣ ಮಕ್ಕಳಿಗೆ ಜ್ವರದ ಜೊತೆ ರಕ್ತನಾಳದ ಗೋಡೆಗೆ ಉರಿಯೂತ ಬರುವ ಕಾಯಿಲೆ. ಈ ಕೇಸು ಬರೀಬೇಕು ಅಂತ ಒಂದು ವರ್ಷದಿಂದ ಅಂದ್ಕೊಳ್ತಾ ಇದ್ದೆ, ಈಗ ಮನೆಯವರ ಒಪ್ಪಿಗೆ ತಗೊಂಡು ಗುರುತು ಸಿಗದ ಹಾಗೆ ಒಂದೆರಡು ವಿಷಯ ಬದಲಾಯ್ಸಿ ಬರೀತಾ ಇದ್ದೇನೆ. ನಂದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ ಸಣ್ಣ ಮಕ್ಕಳ ಕ್ಲಿನಿಕ್ಕು. ಮಗು 11 ತಿಂಗಳ ಗಂಡು, ಎಣ್ಮಕಜೆ ಕಡೆಯ ಅಡಿಕೆ ತೋಟದ ಮನೆ, ಮನೇಲಿ ಅಪ್ಪ ಅಮ್ಮ ಅಜ್ಜಿ ಮತ್ತೆ ಅಂಗನವಾಡಿಗೆ ಹೋಗುವ ಅಕ್ಕ. ಹುಟ್ಟುವಾಗ ಏನೂ ತೊಂದ್ರೆ ಇಲ್ಲ, ಇಂಜೆಕ್ಷನ್ ಎಲ್ಲ ಸರಿಯಾದ ಟೈಮಿಗೆ ಆಗಿತ್ತು.

ಕಳೆದ ಜುಲೈ, ಜೋರು ಮಳೆ, ಊರಿಡೀ ಜ್ವರ. ಮಗುವಿಗೆ ಒಂದು ಆದಿತ್ಯವಾರ ಜ್ವರ ಶುರು ಆದದ್ದು. ಮಂಗಳವಾರ ಅಂದ್ರೆ ಮೂರನೇ ದಿನ ನನ್ನ ಹತ್ರ ಕರ್ಕೊಂಡು ಬಂದ್ರು, 103 ಡಿಗ್ರಿ, ಎದೆ ಹೊಟ್ಟೆ ಮೇಲೆ ಕೆಂಪು ಕೆಂಪು ದಡಿಕೆ. ಹೊರಗೆ ಇನ್ನೂ ಮೂವತ್ತು ಜನ ಕೂತಿದ್ದಾರೆ. ನಾನು ಚೀಟಿಯಲ್ಲಿ ಬರೆದದ್ದು ‘ವೈರಲ್’, ಪ್ಯಾರಾಸಿಟಮಾಲ್ ಡ್ರಾಪ್ಸ್, ಎರಡು ದಿನದಲ್ಲಿ ಬಿಡದಿದ್ರೆ ಬನ್ನಿ ಅಂತ. ಆ ದಿನಕ್ಕೆ ಅದು ತಪ್ಪು ಅಂತ ನಂಗೆ ಈಗಲೂ ಅನ್ನಿಸುದಿಲ್ಲ, ಮೂರನೇ ದಿನ ದಡಿಕೆ ಜ್ವರ ಇರುವ ಮಗುವನ್ನೆಲ್ಲ ಕವಾಸಾಕಿ ಅಂತ ಹಿಡ್ಕೊಂಡು ಕೂತ್ರೆ ಕ್ಲಿನಿಕ್ ಮುಚ್ಚಬೇಕಾದೀತು. ಆದ್ರೆ ಕಣ್ಣು ಹೇಗಿತ್ತು, ತುಟಿ ಹೇಗಿತ್ತು ಅಂತ ಒಂದು ಗೆರೆಯೂ ನಾನು ಬರೆದಿಟ್ಟಿರ್ಲಿಲ್ಲ. ಅದು ತಪ್ಪೇ.

ಜ್ವರ ಬಿಡ್ಲಿಲ್ಲ. ಗುರುವಾರ ಅವ್ರು ಬೇರೆ ಒಂದು ಕಡೆ ತೋರಿಸಿದ್ರು, ಅಲ್ಲಿ ಮೂತ್ರ ಟೆಸ್ಟ್ ಮಾಡಿ ಪಸ್ ಸೆಲ್ಸ್ 15 ರಿಂದ 20 ಇದೆ, ಮೂತ್ರದ ಇನ್ಫೆಕ್ಷನ್ ಅಂತ ಆಂಟಿಬಯೋಟಿಕ್ ಕೊಟ್ರು. ಬ್ಯಾಕ್ಟೀರಿಯಾ ಬೆಳೀತದಾ ಅಂತ ನೋಡುವ ಕಲ್ಚರಲ್ಲಿ ಕಡೆಗೆ ಏನೂ ಬೆಳೀಲಿಲ್ಲ. ಕವಾಸಾಕಿಯಲ್ಲಿ ಇದೊಂದು ಮಾಮೂಲು ಬಲೆ, ಮೂತ್ರನಾಳದಲ್ಲೇ ಉರಿಯೂತ ಇರುದ್ರಿಂದ ಬ್ಯಾಕ್ಟೀರಿಯಾ ಇಲ್ಲದೆಯೂ ಪಸ್ ಸೆಲ್ಸ್ ಬರ್ತದೆ, ನಾವು ಆಂಟಿಬಯೋಟಿಕ್ ಕೊಟ್ಟು ಎರಡು ಮೂರು ದಿನ ಕಾಯ್ತೇವೆ, ಆ ಎರಡು ಮೂರು ದಿನವೇ ಇಲ್ಲಿ ಕೈತಪ್ಪಿ ಹೋಗುದು.

ಶನಿವಾರ ಸಂಜೆ, ಏಳನೇ ದಿನ, ವಾಪಸ್ ನನ್ನ ಹತ್ರ ಬಂದ್ರು. ಮಗು ಅಳುದು ಅಂದ್ರೆ ಸಾಮಾನ್ಯ ಅಳು ಅಲ್ಲ ಮಾರಾಯ್ರೆ, ಅಮ್ಮ ಎತ್ತಿಕೊಂಡ್ರೂ ಬೊಬ್ಬೆ, ಕೆಳಗೆ ಮಲಗಿಸಿದ್ರೂ ಬೊಬ್ಬೆ, ಮುಟ್ಲಿಕ್ಕೇ ಬಿಡುದಿಲ್ಲ. ಈ ಸಿಡುಕುತನ ಲಕ್ಷಣಗಳ ಪಟ್ಟಿಯಲ್ಲಿ ಇಲ್ಲ, ಆದ್ರೆ ಒಂದೆರಡು ಕೇಸು ನೋಡಿದವರಿಗೆ ಬಾಗಿಲಲ್ಲೇ ಸಂಶಯ ಬರ್ತದೆ. ತುಟಿ ಕೆಂಪಾಗಿ ಒಡೆದಿತ್ತು. ದಡಿಕೆ ಇಲ್ಲ. ಕಣ್ಣು ಬೆಳ್ಳಗೆ. ಕುತ್ತಿಗೇಲಿ ಗಡ್ಡೆ ಇಲ್ಲ. ಕೈ ನೋಡುವಾಗ ಬೆಳ್ಳಿ ಕಡಗ ತಿರುಗುದಿಲ್ಲ, ಮಾಂಸದೊಳಗೆ ಹೂತ ಹಾಗೆ ಕೂತಿದೆ. ಅಜ್ಜಿ ಹತ್ರ ಕೇಳಿದೆ, ಇದು ಮೊದಲಿಂದಲೂ ಇಷ್ಟು ಬಿಗಿಯಾ ಅಂತ. “ಇಲ್ಲಪ್ಪ, ಹೋದ ವಾರ ಮೀಸುವಾಗ ಕೈಯಿಂದ ಕಳಚಿ ಬೀಳ್ತಿತ್ತು.” ಪಾದವೂ ಹಾಗೇ, ಬಾತುಕೊಂಡು ಕೆಂಪು.

ಆಮೇಲೆ ಅಜ್ಜಿಯೇ ಇನ್ನೊಂದು ಹೇಳಿದ್ರು, ನಾನು ಕೇಳಿಯೇ ಇರ್ಲಿಲ್ಲ. “ಹುಟ್ಟಿದಾಗ ಚುಚ್ಚಿದ ಜಾಗ ಪುನಃ ಕೆಂಪಾಗಿದೆ, ಅದಕ್ಕೆ ಅರಶಿನ ಹಾಕಿದ್ದೇನೆ.” ಎಡ ತೋಳಿನ ಅರಶಿನ ಒರೆಸಿ ನೋಡಿದ್ರೆ ಟಿಬಿಗೆ ಹಾಕುವ ಬಿಸಿಜಿ ಲಸಿಕೆಯ ಕಲೆಯ ಸುತ್ತ ಕೆಂಪಾಗಿ ಉಬ್ಬಿ ನಡುವೆ ಸಣ್ಣ ಹೊಪ್ಪಳೆ. ಬಿಸಿಜಿ ಹಾಕುವ ದೇಶಗಳಲ್ಲಿ, ಜಪಾನಲ್ಲಿ ನಮ್ಮಲ್ಲಿ, ಇದು ಕವಾಸಾಕಿಯ ಒಳ್ಳೆ ಸುಳಿವು, ಅಮೆರಿಕದ ಮಕ್ಕಳಿಗೆ ಬಿಸಿಜಿ ಹಾಕುದೇ ಇಲ್ಲ ಹಾಗಾಗಿ ಅಲ್ಲಿನವರಿಗೆ ಈ ಸುಳಿವು ಸಿಗುದಿಲ್ಲ.

ಈಗ ಲೆಕ್ಕ ನೋಡಿ. ಪೂರ್ಣ ರೂಪದ ಕವಾಸಾಕಿ ಅಂತ ಹೇಳ್ಬೇಕಾದ್ರೆ ಕನಿಷ್ಠ ಐದು ದಿನದ ಜ್ವರ, ಅದ್ರ ಜೊತೆ ಐದರಲ್ಲಿ ನಾಲ್ಕು: ಪಿಸುರಿಲ್ಲದೆ ಎರಡೂ ಕಣ್ಣು ಕೆಂಪಾಗುದು, ತುಟಿ ನಾಲಗೆ ಬಾಯಿ ಕೆಂಪಾಗುದು, ದಡಿಕೆ, ಕೈಕಾಲು ಬಾತು ಕೆಂಪಾಗುದು, ಕುತ್ತಿಗೇಲಿ 1.5 ಸೆಂ.ಮೀ.ಗಿಂತ ದೊಡ್ಡ ಗಡ್ಡೆ. ನನ್ನೆದುರು ಆ ಸಂಜೆ ಇದ್ದದ್ದು ಎರಡೇ. ದಡಿಕೆ ನಾನೇ ಮಂಗಳವಾರ ನೋಡಿದ್ದೆ, ಮೂರಾಯ್ತು. ಕಣ್ಣು? ಅಮ್ಮನ ಹತ್ರ ಫೋನಲ್ಲಿ ಫೋಟೋ ಉಂಟಾ ಅಂತ ಕೇಳಿದೆ. ಗಲ್ಫಲ್ಲಿರುವ ಮಾವನಿಗೆ ಕಳಿಸ್ಲಿಕ್ಕೆ ಬುಧವಾರ ರಾತ್ರಿ ತೆಗೆದ ಫೋಟೋ ಇತ್ತು, ಝೂಮ್ ಮಾಡಿದ್ರೆ ಎರಡೂ ಕಣ್ಣು ಕೆಂಪು, ಕಪ್ಪು ಗುಡ್ಡೆಯ ಸುತ್ತ ಮಾತ್ರ ಬಿಳಿ ಬಳೆ ಹಾಗೆ ಬಿಟ್ಟಿದೆ, ಒಂದು ಹನಿ ಪಿಸುರಿಲ್ಲ. ನಾಲ್ಕು. ಈ ಕಾಯಿಲೆಯ ಲಕ್ಷಣಗಳು ಸಾಲಾಗಿ ಒಂದೇ ದಿನ ಬಂದು ನಿಲ್ಲುದಿಲ್ಲ, ಒಂದು ಬರುವಾಗ ಇನ್ನೊಂದು ಹೋಗಿರ್ತದೆ, ಅದಕ್ಕೇ ನಾನೀಗ ಮೂರು ದಿನ ದಾಟಿದ ಜ್ವರದ ಎಲ್ಲ ಮಕ್ಕಳ ಅಮ್ಮಂದಿರ ಹತ್ರ ಫೋನ್ ಗ್ಯಾಲರಿ ತೆಗೀಲಿಕ್ಕೆ ಹೇಳುದು.

ಮಗುವಿನ ಅಪ್ಪ ಹೆಸರು ಕೇಳಿ “ಅದು ಬೈಕ್ ಅಲ್ವಾ ಡಾಕ್ಟ್ರೇ?” ಅಂದ್ರು. ಅಲ್ಲ, ಟೊಮಿಸಾಕು ಕವಾಸಾಕಿ ಅಂತ ಟೋಕಿಯೋದ ಮಕ್ಕಳ ಡಾಕ್ಟ್ರು, 1961ರಲ್ಲಿ ಮೊದಲ ಮಗುವನ್ನು ನೋಡಿದ್ರು, 1967ರಲ್ಲಿ 50 ಮಕ್ಕಳ ವಿವರ ಬರೆದು ಪ್ರಕಟಿಸಿದ್ರು. ಅಜ್ಜಿಯ ಪ್ರಶ್ನೆ ಬೇರೆ: “ಇದು ಎಂಡೋಸಲ್ಫಾನಿನಿಂದ ಬಂದದ್ದಾ?” ನಮ್ಮ ಕಡೆ ಈ ಪ್ರಶ್ನೆ ಬಾರದ ಮನೆ ಇಲ್ಲ, ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಈ ಕೀಟನಾಶಕ ಬಿಟ್ಟದ್ದನ್ನು ಕಣ್ಣಾರೆ ಕಂಡವರು ಅವ್ರು, ನಗಾಡುವ ವಿಷಯ ಅಲ್ಲ. ಕವಾಸಾಕಿ ಯಾಕೆ ಬರ್ತದೆ ಅಂತ ಜಗತ್ತಿಗೇ ಇನ್ನೂ ಸರಿ ಗೊತ್ತಾಗಿಲ್ಲ ಅಜ್ಜಿ, ಆದ್ರೆ ಅದಕ್ಕೂ ಇದಕ್ಕೂ ಗಂಟು ಹಾಕ್ಲಿಕ್ಕೆ ಆಧಾರ ಇಲ್ಲ, ಜಪಾನಲ್ಲಿ ಈ ಕಾಯಿಲೆ ನಮ್ಮಲ್ಲಿಗಿಂತ ತುಂಬ ಜಾಸ್ತಿ ಅಂದೆ. ಅವ್ರಿಗೆ ಪೂರ್ತಿ ಸಮಾಧಾನ ಆಗ್ಲಿಲ್ಲ.

ರಕ್ತ ಟೆಸ್ಟಿಗೆ ಕಳಿಸಿದೆ, ಸಿಆರ್‌ಪಿ ಇಎಸ್‌ಆರ್ ಅಂದ್ರೆ ಉರಿಯೂತ ಎಷ್ಟಿದೆ ಅಂತ ಹೇಳುವ ಟೆಸ್ಟುಗಳು. ಸಿಆರ್‌ಪಿ 142, ಇಎಸ್‌ಆರ್ 78, ಬಿಳಿ ಕಣ 19,400, ಹಿಮೋಗ್ಲೋಬಿನ್ 8.9, ಆಲ್ಬುಮಿನ್ 2.8, ಪ್ಲೇಟ್ಲೆಟ್ 4.1 ಲಕ್ಷ. ಎರಡು ಮಾತು ಇಲ್ಲಿ. ಪುಸ್ತಕದಲ್ಲಿ ಸಿಆರ್‌ಪಿ 3ಕ್ಕಿಂತ ಜಾಸ್ತಿ ಅಂತ ಇರುದು ಡೆಸಿಲೀಟರಿಗೆ, ನಮ್ಮ ಲ್ಯಾಬುಗಳು ಬರೆಯುದು ಲೀಟರಿಗೆ, ಅಂದ್ರೆ ಗಡಿ 30, ಯುನಿಟ್ ನೋಡದೆ ಓದಿದ್ರೆ ನೆಗಡಿಯ ಮಕ್ಕಳೂ ಕವಾಸಾಕಿ ಆಗಿಬಿಡ್ತಾರೆ. ಎರಡನೇದು, ಪ್ಲೇಟ್ಲೆಟ್ ಏರುದು ಎರಡನೇ ವಾರದಲ್ಲಿ, ಏಳನೇ ದಿನ ನಾರ್ಮಲ್ ಇದ್ರೆ ಅದು ಯಾವುದನ್ನೂ ತಳ್ಳಿಹಾಕುದಿಲ್ಲ. ಇದೇ ಮಗುವಿಗೆ 14ನೇ ದಿನ 8.6 ಲಕ್ಷ ಆಯ್ತು.

ಅದೇ ರಾತ್ರಿ ಹತ್ತಿರದಲ್ಲೇ ಒಂದು ಕಡೆ ಎಕೋ, ಅಂದ್ರೆ ಹಾರ್ಟಿನ ಸ್ಕ್ಯಾನ್, ಮಾಡಿಸಿದ್ರು. ದೊಡ್ಡವರ ಎಕೋ ಮಾಡುವ ಜಾಗ, ಮಗು ಒದ್ದಾಡ್ತಾ ಬೊಬ್ಬೆ ಹಾಕ್ತಾ ಇರುವಾಗಲೇ ಐದು ನಿಮಿಷದಲ್ಲಿ ಮುಗಿಸಿ ಕೊಟ್ಟ ರಿಪೋರ್ಟಲ್ಲಿ ಪಂಪಿಂಗ್ 62%, ಕವಾಟ ಸರಿ ಇದೆ, ಕೊನೇ ಗೆರೆ: ಕೊರೊನರಿ (ಹಾರ್ಟಿಗೇ ರಕ್ತ ಕೊಡುವ ನಾಳ) ನಾರ್ಮಲ್. ಎಷ್ಟು ಮಿಲಿಮೀಟರ್? ಬರೆದಿಲ್ಲ. ಮಗುವಿನ ತೂಕ ಎತ್ತರ? ಅದೂ ಇಲ್ಲ. ಚಿತ್ರ ಸೇವ್ ಮಾಡಿದ್ದೀರಾ ಅಂತ ಫೋನ್ ಮಾಡಿ ಕೇಳಿದೆ, ಅದೂ ಆಗಿರ್ಲಿಲ್ಲ. ನಾನು ಯಾರನ್ನೂ ದೂರ್ತಾ ಇಲ್ಲ, ಪಾಪ ದಿನಾ ಎಪ್ಪತ್ತು ಎಂಬತ್ತು ವರ್ಷದವರ ಹಾರ್ಟ್ ನೋಡುವವರಿಗೆ ಎಂಟು ಕಿಲೋದ ಮಗುವಿನ ರಕ್ತನಾಳ ಅಳೆಯುವ ಅಭ್ಯಾಸ ಎಲ್ಲಿಂದ ಬರ್ಬೇಕು. ಆದ್ರೆ ಆ ‘ನಾರ್ಮಲ್’ ಅನ್ನುವ ಪದ ಅಪ್ಪನ ಕಿವಿಗೆ ಬಿದ್ದಾಗಿತ್ತು, ಹಾಗಾದ್ರೆ ಮಂಗಳೂರಿಗೆ ಯಾಕೆ ಹೋಗುದು, ಸೋಮವಾರ ನೋಡುವ ಅಂದ್ರು. ಅವ್ರನ್ನು ಒಪ್ಪಿಸ್ಲಿಕ್ಕೆ ಮುಕ್ಕಾಲು ಗಂಟೆ ಬೇಕಾಯ್ತು. ಅಳತೆ ಹಾಕಿ ಬರೆದ ನಿಜವಾದ ನಾರ್ಮಲ್ ಎಕೋ ಆದ್ರೂ ಮೊದಲ ವಾರದಲ್ಲಿ ಕವಾಸಾಕಿ ಇಲ್ಲ ಅಂತ ಹೇಳುದಿಲ್ಲ, ರಕ್ತನಾಳ ಹಿಗ್ಗುದು ಹೆಚ್ಚಾಗಿ ಆಮೇಲೆ. ಚಿಕಿತ್ಸೆ ಶುರು ಮಾಡ್ಲಿಕ್ಕೆ ಎಕೋ ಕೆಡ್ಬೇಕು ಅಂತಲೂ ಇಲ್ಲ, ಕೆಡದೇ ಇರ್ಲಿ ಅಂತಲೇ ಚಿಕಿತ್ಸೆ.

ಅವ್ರಿಗೆ ನಾನು ಹೇಳಿದ್ದು ಸ್ಪ್ರಿಂಕ್ಲರ್ ಪೈಪಿನ ಲೆಕ್ಕದಲ್ಲಿ. ಬಿಸಿಲಿಗೆ ಒಂದು ಜಾಗದಲ್ಲಿ ಪೈಪ್ ಮೆದು ಆದ್ರೆ ಪಂಪ್ ಹಾಕಿದಾಗ ಅಲ್ಲೇ ಉಬ್ಬುದಲ್ವಾ. ಹಾಗೇ ಈ ಕಾಯಿಲೆಯಲ್ಲಿ ಮಧ್ಯಮ ಗಾತ್ರದ ರಕ್ತನಾಳಗಳ ಗೋಡೆಗೆ ಉರಿಯೂತ, ಗೋಡೆಯೊಳಗಿನ ರಬ್ಬರಿನಂಥ ಪದರ ಹರಿದು ಹೋಗ್ತದೆ, ಹಾರ್ಟಿಗೇ ರಕ್ತ ಕೊಡುವ ಕೊರೊನರಿ ನಾಳ ಉಬ್ಬಿ ಗುಳ್ಳೆ ಆಗ್ತದೆ. ಉಬ್ಬಿದ ಜಾಗದಲ್ಲಿ ರಕ್ತ ನಿಧಾನ, ಅದೇ ಹೊತ್ತಿಗೆ ಪ್ಲೇಟ್ಲೆಟ್ ಏರುದು, ಹೆಪ್ಪುಗಟ್ಲಿಕ್ಕೆ ಇನ್ನೇನು ಬೇಕು. ಏನೂ ಮಾಡದೆ ಬಿಟ್ರೆ ನಾಲ್ಕರಲ್ಲಿ ಒಂದು ಮಗುವಿಗೆ ಹೀಗಾಗ್ತದೆ, ಹತ್ತು ದಿನದೊಳಗೆ ಇಮ್ಯುನೋಗ್ಲೋಬುಲಿನ್, ಅಂದ್ರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಮದ್ದು, ಕೊಟ್ರೆ ಅದು ಸುಮಾರು 4%ಗೆ ಇಳೀತದೆ. “ಇವತ್ತು ಏಳು” ಅಂದೆ. ಅಪ್ಪ ಎದ್ದರು.

ಆದಿತ್ಯವಾರ ಬೆಳಿಗ್ಗೆ ಮಳೆಯಲ್ಲೇ ಹೊರಟ್ರು, ಹೈವೇ ಕೆಲಸ, ತಲಪಾಡಿ, ನೇತ್ರಾವತಿ ಸೇತುವೆ, ಎರಡು ಗಂಟೆ ಮೇಲೆ ಹಿಡೀತು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಅಂದ್ರೆ ಮಂಗಳೂರೇ, ತಿರುವನಂತಪುರ ಅಂದ್ರೆ ಇಡೀ ಕೇರಳ ದಾಟಬೇಕು. 2020ರ ಮಾರ್ಚಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದ ದಿನಗಳಲ್ಲಿ ಇಂಥ ಮಗು ಸಿಕ್ಕಿದ್ರೆ ಏನು ಮಾಡ್ತಿದ್ದೆ ಅಂತ ಆಗಾಗ ಯೋಚನೆ ಬರ್ತದೆ. ಈಗ ದಾರಿ ತೆರೆದಿದೆ, ಆದ್ರೆ ಇವರ ಚಿಕಿತ್ಸಾ ಕಾರ್ಡು ಆ ಕಡೆ ನಡೀಲಿಲ್ಲ, ಅಡಿಕೆ ಮಂಡಿಯಿಂದ ಮುಂಗಡ ತಗೊಂಡೇ ಹೋದದ್ದು.

ಅಲ್ಲಿ ಮಕ್ಕಳ ಹಾರ್ಟ್ ಡಾಕ್ಟ್ರು ಎಕೋ ಮಾಡುವಾಗ ನಾನೂ ವೀಡಿಯೋ ಕಾಲಲ್ಲಿ ಇದ್ದೆ. ಮೊದಲು ಅಮ್ಮ ಫೋನಲ್ಲಿ ಯಕ್ಷಗಾನದ ಚೆಂಡೆ ವೀಡಿಯೋ ಹಾಕಿ ನೋಡಿದ್ರು, ಬೇರೆ ದಿನ ಅದಕ್ಕೆ ಬಾಯಿ ಕಳೆದು ನೋಡುವ ಮಗು ಅವತ್ತು ಮತ್ತೂ ಬೊಬ್ಬೆ. ಕಡೆಗೆ ಟ್ರೈಕ್ಲೋಫಾಸ್ ಸಿರಪ್ ಕೊಟ್ಟು ನಿದ್ದೆ ಹತ್ತುವ ತನಕ ಕಾದ್ರು, ಅದಕ್ಕೂ ಮೊದಲು ಬಟ್ಟೆ ಬಿಚ್ಚಿ ತೂಕ, ಉದ್ದ ಅಳೆಯುವ ಹಲಗೆ ಮೇಲೆ ಮಲಗಿಸಿ ಉದ್ದ: 8.2 ಕಿಲೋ, 72 ಸೆಂ.ಮೀ. ಸಣ್ಣ ಪ್ರೋಬ್, ಮಹಾಪಧಮನಿಯ ಬುಡ ಅಡ್ಡ ಕತ್ತರಿಸಿದ ಹಾಗೆ ದುಂಡಗೆ ಕಾಣುವ ಕೋನ. ಆ ದುಂಡನ್ನು ಗಡಿಯಾರ ಅಂದ್ಕೊಂಡ್ರೆ ನಾಲ್ಕು ಗಂಟೆ ಹತ್ರ ಎಡ ಕೊರೊನರಿ ಹೊರಡ್ತದೆ, ಹತ್ತು ಹನ್ನೊಂದರ ಹತ್ರ ಬಲದ್ದು. ಎಡದ್ದು ಕವಲೊಡೆದು ಮುಂದೆ ಇಳಿಯುವ ಎಲ್‌ಎಡಿ ನಾಳವನ್ನು ಒಳ ಅಂಚಿಂದ ಒಳ ಅಂಚಿಗೆ ಅಳೆದ್ರು: 2.4 ಮಿ.ಮೀ. ಬಲದ್ದು 1.9. ಮೈಟ್ರಲ್ ಕವಾಟದಲ್ಲಿ ಸ್ವಲ್ಪ ಸೋರಿಕೆ, ಹಾರ್ಟಿನ ಸುತ್ತ ತೆಳುವಾಗಿ ನೀರು.

2.4 ಮಿ.ಮೀ. ಅಂದ್ರೆ ದೊಡ್ಡವರ ನಾಳ ನೋಡಿ ರೂಢಿ ಇರುವವರಿಗೆ ಸಣ್ಣದೇ. ಆದ್ರೆ ಇಷ್ಟು ಮೈಯ ಮಗುವಿಗೆ ಅಲ್ಲಿ ಇರ್ಬೇಕಾದ್ದು ಸುಮಾರು 1.6. ಸರಾಸರಿಯಿಂದ ಎಷ್ಟು ದೂರ ಅಂತ ಹೇಳುವ ಜೆಡ್ ಸ್ಕೋರ್ ಲೆಕ್ಕ ಹಾಕಿದ್ರೆ 3.6. 2ರ ಒಳಗೆ ಸರಿ, 2ರಿಂದ 2.5 ಬರೀ ಹಿಗ್ಗಿದ್ದು, 2.5ರಿಂದ 5 ಸಣ್ಣ ಅನ್ಯೂರಿಸಂ (ನಾಳ ಉಬ್ಬಿದ ಗುಳ್ಳೆ), 5ರಿಂದ 10 ಮಧ್ಯಮ, 10 ಮೇಲೆ ಅಥವಾ 8 ಮಿ.ಮೀ. ಮುಟ್ಟಿದ್ರೆ ದೈತ್ಯ. ತೂಕ ಉದ್ದ ಸರಿ ಅಳೆಯದೆ ಈ ಲೆಕ್ಕವೇ ಬರುದಿಲ್ಲ, ನನ್ನ ಹಳೇ ಚೀಟಿಯಲ್ಲಿ ಬಟ್ಟೆ ಸಮೇತ ತೂಗಿದ 9 ಕಿಲೋ ಇತ್ತು, ಅದನ್ನೇ ಹಾಕಿದ್ದಿದ್ರೆ ಸ್ಕೋರೂ ಕಮ್ಮಿ ಬರ್ತಿತ್ತು, ಮದ್ದಿನ ಡೋಸೂ ತಪ್ಪುತ್ತಿತ್ತು. ಹಿಂದಿನ ರಾತ್ರಿ ಎಷ್ಟಿತ್ತು, ಒಂದು ರಾತ್ರಿಯಲ್ಲಿ ಏರಿದ್ದಾ ಮೊದಲೇ ಇದ್ದದ್ದಾ, ಇನ್ನು ಗೊತ್ತಾಗುವ ದಾರಿ ಇಲ್ಲ.

ಎಂಟನೇ ದಿನ ರಾತ್ರಿ 9ಕ್ಕೆ ಇಮ್ಯುನೋಗ್ಲೋಬುಲಿನ್ ಶುರು. ಕಿಲೋಗೆ 2 ಗ್ರಾಂ, ಒಂದೇ ಸಲ, 12 ಗಂಟೆಯಲ್ಲಿ ನಿಧಾನಕ್ಕೆ. 16.4 ಗ್ರಾಂ ಬೇಕು, 5ರ ಬಾಟ್ಲಿ ಮೂರು, 2.5ರದ್ದು ಒಂದು, ಈ ಮದ್ದನ್ನು ಯಾರೂ ಚೆಲ್ಲುದಿಲ್ಲ, 17.5 ಪೂರ್ತಿ ಕೊಟ್ಟರು. ಜೊತೆಗೆ ಆಸ್ಪಿರಿನ್ ಕಿಲೋಗೆ ದಿನಕ್ಕೆ 40 ಮಿ.ಗ್ರಾಂ. ಲೆಕ್ಕದಲ್ಲಿ.

ಸೋಮವಾರ ಬೆಳಿಗ್ಗೆ ಮುಗೀತು, ಮಧ್ಯಾಹ್ನ ಮಗು ನಕ್ಕಿತು ಅಂತ ಅಪ್ಪ ವೀಡಿಯೋ ಕಳಿಸಿದ್ರು. ಮಂಗಳವಾರ ರಾತ್ರಿ ಹನ್ನೊಂದೂವರೆಗೆ ಪುನಃ 101.8. ಇಮ್ಯುನೋಗ್ಲೋಬುಲಿನ್ ಮುಗಿದು 36 ಗಂಟೆ ಕಳೆದ ಮೇಲೂ ಜ್ವರ ಇದ್ರೆ ಅಥವಾ ತಿರುಗಿ ಬಂದ್ರೆ ಆ ಮದ್ದಿಗೆ ಬಗ್ಗದ ಕವಾಸಾಕಿ ಅಂತ ಅರ್ಥ, ನೂರಕ್ಕೆ ಹತ್ತಿಪ್ಪತ್ತು ಮಕ್ಕಳು ಹೀಗೆ. ಬುಧವಾರ ಬೆಳಿಗ್ಗೆ ಎಕೋ: ಎಲ್‌ಎಡಿ 2.8, ಜೆಡ್ 5.4. ಮೂರು ದಿನದಲ್ಲಿ ಸಣ್ಣದ್ದು ಮಧ್ಯಮ ಆಯ್ತು.

ಇಲ್ಲಿ ನಮ್ಮೊಳಗೆ ಸ್ವಲ್ಪ ಚರ್ಚೆ ಆಯ್ತು. ಒಂದನೇ ದಾರಿ ಇನ್ನೊಂದು ಡೋಸ್ ಇಮ್ಯುನೋಗ್ಲೋಬುಲಿನ್. ಮಗುವಿನ ಬ್ಲಡ್ ಗ್ರೂಪ್ ಎಬಿ, ಈ ಮದ್ದಲ್ಲಿ ಎ ಮತ್ತೆ ಬಿ ವಿರುದ್ಧದ ಪ್ರತಿಕಾಯಗಳು ಇರ್ತವೆ, ಎರಡನೇ ಡೋಸಿಗೆ ರಕ್ತಕಣ ಒಡೆಯುವ ಸಾಧ್ಯತೆ ಏರ್ತದೆ, ಹಿಮೋಗ್ಲೋಬಿನ್ ಮೊದಲೇ 8.9, ಈಗ 8.1. ಎರಡನೇ ದಾರಿ ಸ್ಟಿರಾಯ್ಡ್. ಮೂರನೇದು ಇನ್‌ಫ್ಲಿಕ್ಸಿಮ್ಯಾಬ್, ಉರಿಯೂತದ ಒಂದು ಮುಖ್ಯ ಸಂದೇಶವಾಹಕ ಟಿಎನ್ಎಫ್ ಅನ್ನು ಕಟ್ಟಿಹಾಕುವ ಮದ್ದು, 2021ರಲ್ಲಿ ಬಂದ ಅಮೆರಿಕದ ಟ್ರಯಲಲ್ಲಿ ಎರಡನೇ ಡೋಸ್ ಇಮ್ಯುನೋಗ್ಲೋಬುಲಿನ್ನಿಗಿಂತ ಜ್ವರ ಬೇಗ ಇಳಿಸಿದ್ದು ಇದೇ. ಕಿಲೋಗೆ 10 ಮಿ.ಗ್ರಾಂ. ಅಂದ್ರೆ 82, ಒಂದು ವಯಲಲ್ಲಿ 100 ಇರ್ತದೆ, ಎರಡು ಗಂಟೆಯಲ್ಲಿ ಮುಗೀತದೆ, ಇಮ್ಯುನೋಗ್ಲೋಬುಲಿನ್ನಿನ ಹಾಗೆ ಸಣ್ಣ ಮೈಗೆ ಅಷ್ಟೊಂದು ನೀರು ಹೋಗುದಿಲ್ಲ. ನಮ್ಮ ದೇಶದಲ್ಲಿ ಟಿಬಿ ನೋಡದೆ ಈ ಮದ್ದು ಕೊಡ್ಲಿಕ್ಕಿಲ್ಲ, ಎದೆ ಎಕ್ಸ್‌ರೇ ತೆಗೆದು, ಮನೇಲಿ ಯಾರಿಗಾದ್ರೂ ಹಳೇ ಕೆಮ್ಮು ಉಂಟಾ ಅಂತ ಎರಡೆರಡು ಸಲ ಕೇಳಿ, ಬುಧವಾರ ಮಧ್ಯಾಹ್ನ ಕೊಟ್ರು. ನಂಗೆ ಈಗ ಹಿಂತಿರುಗಿ ನೋಡಿದ್ರೆ ಒಂದು ಅನ್ನಿಸ್ತದೆ, ಒಂದು ವರ್ಷದೊಳಗಿನ ಮಗು, ಮೊದಲ ಅಳತೆಯಲ್ಲೇ ಜೆಡ್ 2.5 ದಾಟಿದೆ, ಇಂಥವರಿಗೆ ಶುರುವಲ್ಲೇ ಎರಡನೇ ಮದ್ದು ಸೇರಿಸುವ ಪದ್ಧತಿ ಉಂಟು, ಎಂಟನೇ ದಿನವೇ ಅದನ್ನು ಕೇಳ್ಬೇಕಿತ್ತು ನಾನು.

ಗುರುವಾರದಿಂದ ಜ್ವರ ಇಲ್ಲ. 14ನೇ ದಿನ 2.9, ಜೆಡ್ 5.8, ಅದೇ ಮೇಲಿನ ತುದಿ. 18ನೇ ದಿನ 2.7, ಜೆಡ್ 4.9. ನಡುವೆ 16ನೇ ದಿನ ಅಜ್ಜಿ ಗಾಬರಿಯಲ್ಲಿ ಫೋನ್ ಮಾಡಿದ್ರು, ಉಗುರಿನ ಬುಡದಿಂದ ಬೆರಳ ಚರ್ಮ ಬೇಯ್ಸಿದ ಕೆಸುವಿನ ಗಡ್ಡೆ ಸಿಪ್ಪೆ ಹಾಗೆ ಎದ್ದು ಬರ್ತಾ ಉಂಟು ಅಂತ. ಎಲ್ಲ ಮುಗಿದ ಮೇಲೆ ಬರುವ ಲಕ್ಷಣ ಅದು, ಹೆದರುವಂಥದ್ದಲ್ಲ.

ಮನೆಗೆ ಬಂದ ಮೇಲಿನ ಕೆಲಸ ಬೇರೆಯೇ. ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪಿರಿನ್ ಈಗ ಸಣ್ಣ ಡೋಸ್, ಕಿಲೋಗೆ 3ರಿಂದ 5 ಮಿ.ಗ್ರಾಂ., ಅಂದ್ರೆ 75ರ ಮಾತ್ರೆಯ ಅರ್ಧ. ಮೆಡಿಕಲಿನವರು ಮೊದಲ ಸಲ ಕೋಟಿಂಗ್ ಇರುವ ಮಾತ್ರೆ ಕೊಟ್ಟಿದ್ರು, ಅದನ್ನು ಕತ್ತರಿಸ್ಲಿಕ್ಕಿಲ್ಲ, ನೀರಲ್ಲಿ ಕರಗುವುದೇ ಬೇಕು. ಜ್ವರ ಬಂದ್ರೆ ಐಬುಪ್ರೊಫೆನ್ ಕೊಡ್ಬೇಡಿ, ಅದು ಆಸ್ಪಿರಿನ್ನಿನ ಕೆಲಸಕ್ಕೆ ಅಡ್ಡ ಬರ್ತದೆ, ಪ್ಯಾರಾಸಿಟಮಾಲ್ ಮಾತ್ರ. ಮೂರನೇ ತಿಂಗಳಲ್ಲಿ ಅಕ್ಕ ಅಂಗನವಾಡಿಯಿಂದ ಚಿಕನ್ ಪಾಕ್ಸ್ ತಂದ್ಲು. ಆಸ್ಪಿರಿನ್ ತಗೊಳ್ಳುವ ಮಗುವಿಗೆ ಚಿಕನ್ ಪಾಕ್ಸ್ ಅಥವಾ ಫ್ಲೂ ಆದ್ರೆ ಮೆದುಳು ಲಿವರ್ ಎರಡನ್ನೂ ಹಿಡಿಯುವ ರೈ ಸಿಂಡ್ರೋಮಿನ ಭಯ, ಹಾಗಾಗಿ ಆಸ್ಪಿರಿನ್ ನಿಲ್ಸಿ ಕೆಲವು ವಾರ ಅದೇ ಕೆಲಸದ ಬೇರೆ ಮದ್ದು ಕ್ಲೊಪಿಡೋಗ್ರೆಲ್ ಕೊಟ್ಟದ್ದು. ಅದೃಷ್ಟಕ್ಕೆ ಇವನಿಗೆ ಹತ್ತಲಿಲ್ಲ.

ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ಎರಡನೇ ಡೋಸ್ ಬಗ್ಗೆ ಆಶಾ ಕಾರ್ಯಕರ್ತೆ ಮನೆಗೆ ನಾಲ್ಕು ಸಲ ಬಂದ್ರು, ಕೊಡದೆ ಇರುವ ಮನೆಯವರು ಅಂತ ಇವರ ಹೆಸರು ಬರೆದೂ ಆಗಿತ್ತು. ಇಮ್ಯುನೋಗ್ಲೋಬುಲಿನ್ ಆಗಿ 11 ತಿಂಗಳು ಇಂಥ ಜೀವಂತ ಲಸಿಕೆ ಹಾಕಿದ್ರೆ ಹಿಡಿಯುದಿಲ್ಲ, ಮದ್ದಲ್ಲಿರುವ ಪ್ರತಿಕಾಯಗಳೇ ಅದನ್ನು ಕೊಂದು ಹಾಕ್ತವೆ. ಅಮ್ಮನಿಗೆ ಮಲಯಾಳ ಓದ್ಲಿಕ್ಕೆ ಬರುದಿಲ್ಲ, ಕಾರ್ಡ್ ಇರುದು ಮಲಯಾಳದಲ್ಲಿ, ಡಿಸ್ಚಾರ್ಜ್ ಚೀಟಿ ಇಂಗ್ಲಿಷಲ್ಲಿ. ನಾನೇ ಕಾರ್ಡಿನ ಮೇಲೆ ಕೆಂಪು ಪೆನ್ನಲ್ಲಿ ಮೂರೂ ಭಾಷೆಯಲ್ಲಿ ಬರೆದು ಕೊಟ್ಟೆ, ಇಷ್ಟನೇ ತಾರೀಕಿನ ಮೊದಲು ಬೇಡ ಅಂತ.

ಆರು ವಾರಕ್ಕೆ ಎಲ್‌ಎಡಿ 2.3, ಜೆಡ್ 2.9. ಈ ಜುಲೈಯಲ್ಲಿ 2.0, ಮಗು 11 ಕಿಲೋ ಆಗಿದ್ದಾನೆ, ಜೆಡ್ 1.1. ಅಪ್ಪ ಕೇಳಿದ್ರು, ನಾರ್ಮಲ್ ಅಂತ ಬರೆದಿದ್ದಾರಲ್ಲ, ಇನ್ನು ಆಸ್ಪಿರಿನ್ ಯಾಕೆ ಅಂತ. ಮಧ್ಯಮ ಅನ್ಯೂರಿಸಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೆರಡು ವರ್ಷದಲ್ಲಿ ಹೀಗೆ ಅಳತೆಗೆ ಬರ್ತವೆ, ಆದ್ರೆ ಅದು ಗೋಡೆ ಒಳಗಿಂದ ದಪ್ಪ ಆಗಿ ತುಂಬಿಕೊಂಡದ್ದು, ಮೊದಲಿನ ಗೋಡೆ ವಾಪಸ್ ಬಂದದ್ದಲ್ಲ, ಅದಕ್ಕೇ ಸದ್ಯಕ್ಕೆ ಮುಂದುವರಿಸುದು ಅಂದೆ. ಎಕೋದಲ್ಲಿ ನಾಳದ ಬುಡ ಮಾತ್ರ ಚೆನ್ನಾಗಿ ಕಾಣುದು, ದೂರದ ಭಾಗಕ್ಕೆ ಸಿಟಿ ಆಂಜಿಯೋ ಬೇಕು, ಈಗಿನ ಮೆಷಿನಲ್ಲಿ ಕಮ್ಮಿ ರೇಡಿಯೇಷನಲ್ಲಿ ಆಗ್ತದೆ, ಶಾಲೆಗೆ ಸೇರುವ ಮೊದಲು ಒಮ್ಮೆ ಮಾಡುವ ಅಂತ ಹಾರ್ಟ್ ಡಾಕ್ಟ್ರು ಹೇಳಿದ್ದಾರೆ. ಎಂಆರ್ ಎರಡನೇ ಡೋಸ್ ಜೂನ್ ಕೊನೇ ವಾರ ಆಯ್ತು. ಮುಂದಿನ ಎಕೋ ಜನವರಿಯಲ್ಲಿ, ಅಡಿಕೆ ಕೊಯ್ಲು ಮುಗಿಸಿ ಹೋಗ್ತೇವೆ ಅಂತ ಅಪ್ಪ ಹೇಳಿದ್ದಕ್ಕೆ ಬೇಡ, ಕೊಯ್ಲಿಗೆ ಮೊದಲೇ ಹೋಗಿ ಬನ್ನಿ ಅಂತ ತಾರೀಕು ಹಾಕಿ ಕೊಟ್ಟಿದ್ದೇನೆ.